ಊಟ ಆದ ಮೇಲಿನ ಸೋಜಿ

ಲಂಡನ್ನಿನ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಎಂಟು ಗಂಟೆಗೆ ಹದಿನೈದು ನಿಮಿಷದ ಚಹಾ ಬಿಡುವು. ಆ ಹೊತ್ತಿಗೆ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜು ಪರಪ್ಪನದು. ಹೊಸದಾಗಿ ಸೇರಿದವನೊಬ್ಬ ಒಮ್ಮೆ ಅಲ್ಲಿ ಕೂತಿದ್ದ. ಪರಪ್ಪ ನೋಡಿದ ನೋಟಕ್ಕೆ ತಟ್ಟೆ ಎತ್ತಿಕೊಂಡು ಎದ್ದುಹೋದ. ಪರಪ್ಪ ತಲೆಯ ಬಲೆಟೋಪಿ ತೆಗೆದು, ಬಿಳಿ ಗಂಬೂಟಿನ ಕಾಲು ಚಾಚಿ, ಫೋನನ್ನು ಚಹಾ ಲೋಟಕ್ಕೆ ಆನಿಸಿ ನಿಲ್ಲಿಸುತ್ತಾನೆ. ಆಮೇಲೆ ಅದನ್ನೇ ನೋಡುತ್ತ ಕೂರುತ್ತಾನೆ. ಆರು ತಿಂಗಳಾಯಿತು, ಅದು ಒಂದು ದಿನವೂ ರಿಂಗಾಗಿಲ್ಲ.

ಮೊದಲು ಹೀಗಿರಲಿಲ್ಲ. ಎರಡು ವರ್ಷ, ರಜೆಯ ದಿನ ಬಿಟ್ಟರೆ ಒಂದು ಬೆಳಗೂ ತಪ್ಪದೆ, ಎಂಟು ಹೊಡೆಯಿತೆಂದರೆ ಸುವರ್ಣಾಳ ಮುಖ ಅದರಲ್ಲಿ ಮೂಡುತ್ತಿತ್ತು. ಒಬ್ಬಳೇ ಮಗಳು. ಜಪಾನಿನ ಒಂದು ಸಣ್ಣ ಊರಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ. ಶಾಲೆ ಒಂದಲ್ಲ, ನಾಲ್ಕು. ಸೋಮವಾರ ಒಂದು, ಮಂಗಳವಾರ ಇನ್ನೊಂದು, ಹೀಗೆ ಸೈಕಲ್ ತುಳಿದುಕೊಂಡು ಸುತ್ತಬೇಕು. ಅವಳ ಶಾಲೆ ಬಿಡುವ ಹೊತ್ತಿಗೆ ಅಪ್ಪನ ಚಹಾ ಬಿಡುವು. ಅವಳ ದಿನ ಮುಗಿದಿರುತ್ತಿತ್ತು, ಇವನದು ಆಗಷ್ಟೇ ಶುರು.

“ಅಪ್ಪಾ, ಇವತ್ತ ಹೊರಗಿನ ಬೂಟ್ ಹಾಕ್ಕೊಂಡ ಒಳಗ ಹೋಗಿಬಿಟ್ಟೆ. ಒಂದನೇತ್ತ ಹುಡುಗ್ಯಾರು ಹೆಂಗ ಚೀರಿದ್ರಂತಿ! ಒಳಗಿನ ಬೂಟ್ ಬ್ಯಾರೇನ ಇರ್ತಾವ ಇಲ್ಲಿ.”

“ಶಾಲಿ ಅಂತೀಯೋ ಗುಡಿ ಅಂತೀಯೋ ಅದನ್ನ?”

“ಒಬ್ಬಾಕಿ ನನ್ನ ಕೂದಲಾ ಹಿಡದು ಕೇಳತಾಳ, ನೀ ಲಂಡನ್‌ದಾಕಿ ಅಂತಿ, ಕೂದಲಾ ಯಾಕ ಕರ್ರಗ ಐತಿ ಅಂತ.”

“ನಮ್ಮಪ್ಪಂದ ನೋಡಬಾ ಅನ್ನಬೇಕಿತ್ತು. ಅವನೂ ಲಂಡನ್‌ದಾಂವನ, ತಲ್ಯಾಗ ಕೂದಲಾನ ಇಲ್ಲ.”

ಮಕ್ಕಳ ಬಾಯಲ್ಲಿ ಅವಳು ‘ಸುಬರುನಾ ಸೆನ್ಸೇ’. ಸೆನ್ಸೇ ಅಂದರೆ ಶಾಲೆಯ ಅಕ್ಕೋರು ಎಂದು ಪರಪ್ಪ ತಾನೇ ಕನ್ನಡ ಮಾಡಿಕೊಂಡಿದ್ದ. ವಿಜಯಪುರದ ಕಡೆಯ ಹಳ್ಳಿಯಲ್ಲಿ ಏಳನೇತ್ತ ಮುಗಿಸದೆ ಓಡಿಬಂದು, ಲಂಡನ್ನಿನ ಹೋಟೆಲುಗಳಲ್ಲಿ ಪಾತ್ರೆ ತಿಕ್ಕಿ, ಈಗ ಹದಿನೆಂಟು ವರ್ಷದಿಂದ ಕಾರ್ಖಾನೆಯ ನೆಲ ತೊಳೆಯುವವನ ಮಗಳು ಅಕ್ಕೋರು! ಆ ಮಾತು ಅವನಿಗೆ ಚಹಾಕ್ಕಿಂತ ಬಿಸಿಯಾಗಿ ಒಳಗಿಳಿಯುತ್ತಿತ್ತು.

ಮಧ್ಯಾಹ್ನದ ಊಟ ಮಕ್ಕಳೊಡನೆ, ಅದೇ ಪುಟ್ಟ ಬೆಂಚಿನ ಮೇಲೆ. ಶಾಲೆಯ ಊಟದಲ್ಲಿ ಮೀನಿರುತ್ತದೆಂದು ಇವಳು ಡಬ್ಬಿ ಒಯ್ಯುತ್ತಾಳೆ; ಚಪಾತಿ ನೋಡಲು ಮಕ್ಕಳು ಮುಗಿಬೀಳುತ್ತಾರೆ. ಇದನ್ನೆಲ್ಲ ಹೇಳುತ್ತ ಒಂದು ದಿನ ಸುವರ್ಣಾ ಅಂದಳು, “ಊಟ ಆದ ಕೂಡ್ಲೆ ಸೋಜಿ ಇರ್ತೈತಿ ಅಪ್ಪಾ. ದಿನಾ ಸೋಜಿ. ನಾನೂ ಹುಡುಗರ ಜೋಡೀನ.”

ಪರಪ್ಪನ ಮುಖ ಅರಳಿತು. ಸೋಜಿ ಎಂದರೆ ರವೆ. ಮನೆಯಿರುವ ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ರವೆ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹಾಗೇ ಬರೆದಿರುತ್ತದೆ; ಅವನು ಗುರುತು ಹಿಡಿಯುವ ನಾಲ್ಕಾರು ಇಂಗ್ಲಿಷ್ ಶಬ್ದಗಳಲ್ಲಿ ಅದೂ ಒಂದು. ಊಟದ ಮೇಲೆ ರವೆ ಎಂದರೆ ಶಿರಾ ಅಲ್ಲದೆ ಇನ್ನೇನು?

“ತುಪ್ಪಾ ಗಿಪ್ಪಾ ಹಾಕ್ತಾರೋ ಇಲ್ಲೋ?”

ಅಪ್ಪ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ಬಿದ್ದು ಬಿದ್ದು ನಕ್ಕಳು. “ಎಲ್ಲೀ ತುಪ್ಪಪ್ಪಾ! ಬರೇ ನೀರು!”

ನೀರಲ್ಲಿ ಮಾಡಿದ ಶಿರಾ. ಪಾಪ, ಅಷ್ಟು ದೊಡ್ಡ ದೇಶಕ್ಕೆ ಇಷ್ಟು ತುಪ್ಪ ಸಿಗಲಿಲ್ಲವೇ ಎಂದು ಪರಪ್ಪ ಮರುಗಿದ. ಅಂದು ಸಂಜೆ ಹೆಂಡತಿ ರತ್ನಾಬಾಯಿಗೆ ಹೇಳಿದ. ಮರುದಿನ ಗೆಳೆಯ ವೀರಭದ್ರನಿಗೆ ಹೇಳಿದ. ವೀರಭದ್ರನ ದಿನಸಿ ಅಂಗಡಿಯಲ್ಲಿ ಹೇಳಿದ ಮಾತು ಕ್ವೀನ್ಸ್‌ಬರಿಯ ಕನ್ನಡದವರಿಗೆಲ್ಲ ಹೇಳಿದಂತೆಯೇ.

ನವೆಂಬರಿನಲ್ಲಿ ಹ್ಯಾರೋದ ಹಾಲಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಸ್ಟ್ಯಾನ್ಮೋರ್‌ನ ಡಾಕ್ಟರ ಮನೆಯವರು ಒಂದು ಕಡೆ, ಕ್ವೀನ್ಸ್‌ಬರಿಯ ಇವರು ಒಂದು ಕಡೆ. ಊಟದ ಸಾಲಿನಲ್ಲಿ ಮಾತ್ರ ಎಲ್ಲರೂ ಒಂದಾಗುವುದು. ಡಾಕ್ಟರ್ ಆನಂದತೀರ್ಥರ ಹೆಂಡತಿ ಶ್ರೀಲತಾ ಮೈಸೂರಿನವರು, ಒಳ್ಳೆಯ ಹೆಂಗಸು. ತಾವಾಗಿಯೇ ಕೇಳಿದರು, “ನಿಮ್ಮ ಮಗಳು ಜಪಾನಲ್ಲಿ ಟೀಚರ್ ಅಂತೆ ಪರಪ್ಪನವರೇ? ಹೇಗಿದಾಳೆ?”

ಪರಪ್ಪ ಇದಕ್ಕೇ ಕಾದಿದ್ದ. ಹಿಂದಿನ ದಿನ ಸುವರ್ಣಾ ಒಂದು ವಿಡಿಯೊ ಕಳಿಸಿದ್ದಳು. ಅದರ ಕೆಳಗೆ ‘ಸೋಜಿ ಟೈಮ್’ ಎಂದು ಬರೆದಿತ್ತು. ಮಂದಿಯ ನಡುವೆ ತೆರೆದು ತೋರಿಸಬೇಕೆಂದು ತಾನೂ ನೋಡದೆ ಹಾಗೇ ಇಟ್ಟುಕೊಂಡಿದ್ದ. “ಬರ್ರಿ, ಬರ್ರಿ, ಜಪಾನ್ ಶಿರಾ ತೋರಸ್ತೀನಿ,” ಎಂದು ಏಳೆಂಟು ಜನರನ್ನು ಗುಂಪು ಹಾಕಿ ಫೋನು ಎತ್ತಿ ಹಿಡಿದ.

ಉದ್ದನೆಯ ಪಡಸಾಲೆ. ಇಪ್ಪತ್ತು ಮೂವತ್ತು ಮಕ್ಕಳು. ನಡುವೆ ಅವನ ಮಗಳು, ಮೊಣಕಾಲೂರಿ, ತೋಳು ಮಡಚಿ, ಒದ್ದೆ ಅರಿವೆ ಹಿಡಿದು ನೆಲ ಒರೆಸುತ್ತಿದ್ದಾಳೆ.

ವೀರಭದ್ರ, ಕೈಯಲ್ಲಿ ತಟ್ಟೆ ಹಿಡಿದವನು, ಕೊರಳು ಚಾಚಿದ. “ಅಲ್ಲೋ ಪರಪ್ಪಾ, ಶಿರಾ ಎಲ್ಲೈತೋ? ನೆಲಕ್ಕ ಚೆಲ್ಲೈತೇನು?”

ನಗೆ ಎದ್ದಿತು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ವೀರಭದ್ರನ ನಾಲಿಗೆ ಬಿಡುವಂಥದ್ದಲ್ಲ. “ಬಿಡೋ, ಅಪ್ಪಗ ತಕ್ಕ ಮಗಳು. ಅವನೂ ನೆಲಾ, ಆಕೀನೂ ನೆಲಾ.”

“ಅಯ್ಯೋ, ಹಾಗಲ್ಲ,” ಎಂದು ಶ್ರೀಲತಾ ಬಾಯಿ ತೆರೆದರು, “ಅಲ್ಲಿ ಎಲ್ಲಾ ಸ್ಕೂಲಲ್ಲೂ...”

ಕನಿಕರದ ಮಾತು ಪರಪ್ಪನಿಗೆ ನಗೆಗಿಂತ ಹೆಚ್ಚು ಉರಿಯಿತು. ಅವರ ಮಾತು ಅರ್ಧಕ್ಕೇ ಬಿಟ್ಟು ಕಾರು ನಿಲ್ಲಿಸುವ ಬಯಲಿಗೆ ಬಂದು ಫೋನು ಹಚ್ಚಿದ. ಜಪಾನಿನಲ್ಲಿ ಅದು ಮಲಗುವ ಹೊತ್ತು ಎಂಬುದೂ ತಲೆಗೆ ಬರಲಿಲ್ಲ.

“ಏನ ಮಾಡಾಕತ್ತಿದ್ದಿ ಅದು? ನೆಲಾ ಒರಸಾಕ ಅಷ್ಟ ದೂರ ಹೋಗಬೇಕಿತ್ತೇನ? ಮಂದ್ಯಾಗ ನನ್ನ ಮಾರಿಗೆ ಸಗಣಿ ಬಳದಿ!”

“ಅಪ್ಪಾ, ಅದು ಸೋಜಿ. ಕ್ಲೀನಿಂಗ್. ದಿನಾ ಹೇಳಿಲ್ಲೇನ ನಿನಗ? ಇಲ್ಲಿ ಹೆಡ್‌ಮಾಸ್ತರೂ ಒರಸ್ತಾರ...”

“ಬಾಯಿ ಮುಚ್ಚ! ಇಂಥಾ ನಾಚಿಗೇಡಿ ಕೆಲಸಾ ಮಾಡಾಕಿ ನನ್ನ ಮಗಳಂತ ಹೇಳ್ಕೋಬ್ಯಾಡ.”

ಸುವರ್ಣಾ ಸಣ್ಣ ದನಿಯಲ್ಲಿ ಅಂದಳು, “ಅರಿವಿ ಹಿಂಡೂದು ನೀನ ಕಲಿಸಿದ್ದಿ ಅಪ್ಪಾ. ಇಲ್ಲಿ ಹುಡುಗರಿಗೆ ತೋರಸ್ತೀನಿ, ನಮ್ಮಪ್ಪ ಹಿಂಗ ಹಿಂಡ್ತಾನ ಅಂತ. ನಾಚಿಗೇಡಿ ಕೆಲಸಾ ಅಂತ ನನಗ ಗೊತ್ತಿರಲಿಲ್ಲ.”

ಅವನೇ ಫೋನು ಇಟ್ಟ.

ಸೋಮವಾರ ಎಂಟಕ್ಕೆ ಫೋನು ರಿಂಗಾಗಲಿಲ್ಲ. ಆಗದಿರಲಿ, ನನಗೇನು ಎಂದು ಪರಪ್ಪ ಚಹಾ ಕುಡಿದ. ಎರಡು ವಾರದ ಮೇಲೆ ರತ್ನಾಬಾಯಿ ಗುಡಿಯಲ್ಲಿ ಶ್ರೀಲತಾರನ್ನು ಕಂಡು, ಪೂರ್ತಿ ಸಂಗತಿ ತಿಳಿದು ಬಂದಳು. ಜಪಾನಿನ ಶಾಲೆಗಳಲ್ಲಿ ಕಸ ಗುಡಿಸುವುದು, ನೆಲ ಒರೆಸುವುದು ಮಕ್ಕಳ ಮತ್ತು ಮಾಸ್ತರರ ಕೆಲಸವೇ. ಅದೂ ಒಂದು ಪಾಠವಂತೆ.

“ಇನ್ನರ ಒಂದ ಫೋನ್ ಹಚ್ಚ್ರಿ,” ಅಂದಳು.

“ಆಕಿ ಹಚ್ಚಲಿ. ಸಣ್ಣಾಕಿ ಆಕಿ.”

“ಸಣ್ಣಾಕಿ ಅಂತೀರಿ. ಚಳಿಗಾಲದಾಗ ಇಲ್ಲಿ ಗಡಿಯಾರ ಹಿಂದ ಸರಸ್ತಾರಲ್ಲ, ಆವಾಗ ನಿಮ್ಮ ಎಂಟಂದ್ರ ಆಕೀಗೆ ಐದು. ಶಾಲಿ ಬಿಡೂದು ನಾಕಕ್ಕ. ಒಂದ ತಾಸು ಸೈಕಲ್ ಸ್ಟ್ಯಾಂಡಿನಾಗ ನಡಗಕೋತ ನಿಂದ್ರತಿದ್ಲು, ಮನಿಗೆ ಹೊಂಟ್ರ ದಾರ್‍ಯಾಗ ನಿಮ್ಮ ಚಹಾದ ಟೈಮ್ ಮುಗೀತೈತಿ ಅಂತ. ನಿಮಗ ಹೇಳಬ್ಯಾಡ ಅಂದಿದ್ಲು.”

ಪರಪ್ಪ ಗಂಬೂಟು ತೊಳೆಯಲು ಹೋದ. ಅವು ಆಗಲೇ ತೊಳೆದಿದ್ದವು.

ಆದರೂ ಅವನು ಫೋನು ಹಚ್ಚಲಿಲ್ಲ. ಇದನ್ನು ಏನೆನ್ನಬೇಕು? ಕೋಪ ಇಳಿದು ಎಷ್ಟೋ ದಿನವಾಗಿತ್ತು. ಇಳಿದ ಮೇಲೂ ಅವನು ಅದರ ಜಾಗದಲ್ಲೇ ಕೂತಿದ್ದ. ಹೇಗೂ ಮಾರ್ಚಿನ ರಜೆಗೆ ಬರುತ್ತಾಳೆ, ಎದುರಿಗೆ ಬಂದಾಗ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕಾರ್ಖಾನೆಯಲ್ಲಿ ನಾಲ್ಕು ದಿನ ರಜೆ ಬರೆಸಿದ. ಅವಳ ಕೋಣೆಯ ಕಿಟಕಿಗೆ ಬಣ್ಣ ಹಚ್ಚಿದ.

ಮಾರ್ಚಿನಲ್ಲಿ ಸುವರ್ಣಾ ಅವ್ವನನ್ನು ಕೇಳಿದಳಂತೆ, “ಅಪ್ಪ ಮನ್ಯಾಗ ಇರ್ತಾನೇನ?”

“ಇರದ ಎಲ್ಲಿಗೆ ಹೋಗ್ತಾನವಾ? ನಿನ್ನ ಸಲುವಾಗಿ ರಜಾ ಹಾಕ್ಯಾನ.”

“ಹಂಗಾರ ಬರೂದು ಮುಂದಿನ ಸಲ ನೋಡೂಣಂತ.”

ಏಪ್ರಿಲಿನಿಂದ ಅವಳಿಗೆ ಬೇರೆ ಊರು, ಬೇರೆ ಶಾಲೆ. ಭಾನುವಾರ ಅವ್ವನಿಗೆ ಮಾತ್ರ ಫೋನು. ಆ ಹೊತ್ತಿಗೆ ಪರಪ್ಪ ಏನಾದರೊಂದು ನೆಪ ಮಾಡಿ ಹೊರಗೆ ಹೋಗುತ್ತಾನೆ. ಹೋಗಿ ಬಸ್ ಸ್ಟಾಪಿನಲ್ಲಿ ಕೂತು ಬರುತ್ತಾನೆ.

ಮೇ ತಿಂಗಳ ಒಂದು ಬೆಳಗು, ಚಹಾ ಬಿಡುವು ಮುಗಿಯಲು ಆರು ನಿಮಿಷ ಇತ್ತು. ಪರಪ್ಪ ಎದ್ದು ಬಕೆಟ್ ತಂದ. ಮೇಜಿನ ಮೇಲಿದ್ದ ಫೋನಿನಲ್ಲಿ ವಿಡಿಯೊ ಒತ್ತಿ, ಐವತ್ತೈದರ ಮೊಣಕಾಲು ಊರಿ, ಕ್ಯಾಂಟೀನಿನ ನೆಲ ಒರೆಸತೊಡಗಿದ. ಅರಿವೆ ಹಿಂಡಿದ, ಎರಡು ಸುತ್ತು, ನೀರು ಒಂದು ಹನಿ ಉಳಿಯದಂತೆ. ಕೂತವರು ತಿರುಗಿ ನೋಡಿದರು. ನೋಡಲಿ ಬಿಡು. ಕೊನೆಗೆ ಫೋನಿಗೆ ಮುಖ ಮಾಡಿ ಬಹಳ ಹೇಳಬೇಕೆಂದಿದ್ದ. ಬಂದದ್ದು ಇಷ್ಟೇ:

“ಸುವರ್ಣಾ. ಸೋಜಿ ಟೈಮ್.”

ಕಳಿಸಿದ. ಅವಳು ನೋಡಿದಳು ಎಂದು ಎರಡು ನೀಲಿ ಟಿಕ್ಕು ಬಂದವು. ಫೋನು ರಿಂಗಾಗುತ್ತದೆಂದು ಕಾದ. ಬಿಡುವು ಮುಗಿಯಿತು. ಎರಡಕ್ಕೆ ಪಾಳಿ ಬಿಟ್ಟಾಗ ಅವಳ ಉತ್ತರ ಬಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಬಸ್ ಸ್ಟಾಪಿನಲ್ಲಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದ.

‘ನೋಡಿದೆ ಅಪ್ಪಾ. ಚೊಲೊ ಹಿಂಡಿದಿ. ಹೊಸಾ ಶಾಲಿ ಟೈಮ್ ಬ್ಯಾರೆ ಐತಿ, ನಿನ್ನ ಎಂಟಕ್ಕ ಆಗೂದಿಲ್ಲ. ಭಾನುವಾರ ಅವ್ವನ ಫೋನಿಗೆ ಮಾಡ್ತೀನಿ. ಬೇಕಾದ್ರ ನೀನೂ ಇರು.’

ಬಸ್ಸು ಬಂತು. ಪರಪ್ಪ ಹತ್ತಲಿಲ್ಲ. ‘ಬೇಕಾದ್ರ’ ಎಂಬಲ್ಲಿ ಬೆರಳಿಟ್ಟುಕೊಂಡು, ಇನ್ನೊಮ್ಮೆ ಮೊದಲಿನಿಂದ ಓದತೊಡಗಿದ.