ಯಾರ ಕೈ ಮೊಳ?

ಚಾಮರಾಜಪೇಟೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ ಚೂಡಾಮಣಿಯವರು ಕರಾರುಪತ್ರದ ಪ್ರತಿ ಮಾತನ್ನೂ ಜರಡಿ ಹಿಡಿದೇ ಟೈಪು ಮಾಡುತ್ತಿದ್ದರು. ಎರಡರ್ಥದ ಮಾತು ಅಗುಳಿಯಿಲ್ಲದ ಬಾಗಿಲು, ಜಗಳ ತಾನಾಗಿ ಒಳಗೆ ಬರುತ್ತದೆ ಎನ್ನುತ್ತಿದ್ದರು.

ತೊಂಬತ್ತಾರರ ಶ್ರಾವಣದಲ್ಲಿ ಮದುವೆ ಛತ್ರದ ಹೊಸ ಮೇನೇಜರ್ ಸಂಕರ್ಷಣ ಮತ್ತು ಹೂವಿನ ಬೈರಮ್ಮ ವಾದ ಮಾಡುತ್ತಲೇ ಅಂಗಡಿಗೆ ಬಂದರು. ಛತ್ರಕ್ಕೆ ಹೂ ಕೊಡುವ ಕರಾರನ್ನು ಹೊಸದಾಗಿ ಬರೆಸಬೇಕಿತ್ತು. ಅದು ತಪ್ಪಿದರೆ ಬೈರಮ್ಮನ ಮನೆಯ ಒಲೆ ಉರಿಯುವುದು ಕಷ್ಟವಿತ್ತು.

“ನೂರು ಮೊಳ ಅಂತಾರೆ, ಅಳೆದ್ರೆ ಎಂಬತ್ತು ಬರುತ್ತೆ,” ಎಂದರು ಸಂಕರ್ಷಣ.

“ನಿಮ್ದು ತೆಂಗಿನ ಗರಿಯಂಥಾ ಕೈ ಸ್ವಾಮಿ! ಅದ್ರಲ್ಲಿ ಅಳೆದ್ರೆ ಇನ್ನೆಷ್ಟು ಬಂದಾತು?” ಎಂದರು ಬೈರಮ್ಮ.

ಹಳೆಯ ಪತ್ರದಲ್ಲಿ ಬರೀ ‘ಮೊಳ’ ಎಂದಿತ್ತು. ಚೂಡಾಮಣಿಯವರು ಟೇಪು ತೆಗೆದು ಬೈರಮ್ಮನ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದರು.

“ಈ ಬೆಲೆಗೆ ಇಷ್ಟು ದಿನ ಕೊಟ್ಟಿರೋದು ಇವರ ಕೈಯಳತೇಲಿ. ‘ಮೊಳ ಎಂದರೆ ಹದಿನಾರು ಇಂಚು’ ಅಂತ ಹಾಕ್ತೀನಿ.”

“ಮೊಳ ಅಂದ್ರೆ ಹದಿನೆಂಟಲ್ವೇನ್ರೀ?”

“ಹದಿನೆಂಟು ಬೇಕಂದ್ರೆ ಬೆಲೇನೂ ಉದ್ದ ಆಗ್ತದೆ ಸ್ವಾಮಿ,” ಎಂದರು ಬೈರಮ್ಮ.

ಸಂಕರ್ಷಣ ನಕ್ಕು ಹದಿನಾರಕ್ಕೇ ರುಜು ಹಾಕಿದರು.