ಶುದ್ಧ ನೀರಿಗೆ ಬಾವಿ ತೋರಿಸುವ ಅಕ್ಕ

ಸೂರ್ಯ ಇನ್ನೂ ಮಗ್ಗುಲು ಬದಲಿಸುತ್ತಿರುವಾಗಲೇ ಈಕೆ ಕೊಳವೆಬಾವಿಯ ಮುಂದೆ ಹಾಜರು. ಪಂಪು ಹಾಕಿ ಕಾಲು ಗಂಟೆಯಾದರೂ ಬಾಟಲಿಯ ಮುಚ್ಚಳ ತೆಗೆದಿಲ್ಲ. ಪೈಪಿನಲ್ಲಿ ನಿಂತ ಹಳೆ ನೀರೆಲ್ಲ ಹರಿದುಹೋಗಿ ನೆಲದಾಳದ ಹೊಸ ನೀರು ಬರಬೇಕು, ಅದಕ್ಕೆ ಪೂರ್ತಿ ಇಪ್ಪತ್ತು ನಿಮಿಷ. ಈ ತಾಳ್ಮೆ ಕಂಡು ಪಕ್ಕದ ಬಂಡೆಯೇ ನಾಚಿ ಎರಡು ಅಂಗುಲ ಹಿಂದೆ ಸರಿದಿದೆ ಎಂದರೆ ನೀವು ನಂಬಲೇಬೇಕು.

"ಏನಮ್ಮಾ, ಸಮುದ್ರ ತುಂಬಿಸ್ತಿದೀಯಾ?" ಬಾವಿಯ ಒಡೆಯ ಕೆಣಕುತ್ತಾನೆ. ಒಡೆಯ ಬೇರಾರೂ ಅಲ್ಲ, ಸ್ವಂತ ಅಣ್ಣ.

"ಇನ್ನೈದು ನಿಮಿಷ ಇರಣ್ಣ. ಎಂಟು ತಿಂಗಳು ಮಾತು ಬಿಟ್ಟೋನಿಗೆ ಐದು ನಿಮಿಷ ಯಾವ ಲೆಕ್ಕ?"

ಸುತ್ತಲಿನವರಿಗೆಲ್ಲ ಈಕೆ 'ಬಾಟಲಿ ಅಕ್ಕ'. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ತಂತ್ರಜ್ಞೆ. ಬೆಳಗಿಗೆ ಏಳು ಬಾವಿ, ಹದಿನಾಲ್ಕು ಕಂದು ಗಾಜಿನ ಬಾಟಲಿ, ಒಂದು ಐಸ್ ಪೆಟ್ಟಿಗೆ. ಅದರ ಭಾರಕ್ಕೆ ಎಡಭುಜ ಬಲಕ್ಕಿಂತ ಒಂದು ಗೇಣು ಕೆಳಗಿಳಿದಿದೆ! ಏಳು ಬಾಟಲಿಗೆ ಬಾವಿಯ ನೀರು. ಉಳಿದ ಏಳಕ್ಕೆ? ಪ್ರಯೋಗಾಲಯದಿಂದಲೇ ಹೊತ್ತು ತಂದ ಶುದ್ಧ ನೀರು. ಅದನ್ನು ಬಾವಿಯ ಪಕ್ಕ ಬಾಟಲಿಗೆ ಸುರಿದು, ಮುಚ್ಚಿ, ಮತ್ತೆ ವಾಪಸ್ ಹೊರುತ್ತಾಳೆ. "ನಮ್ಮಕ್ಕ ನೀರಿಗೆ ಊರು ತೋರ್ಸೋಕೆ ಕರ್ಕೊಂಡು ಬರ್ತಾಳೆ" ಎಂದು ಜೀಪಿನ ಡ್ರೈವರ್ ನಗುತ್ತಾನೆ.

ಸುಮ್ಮನೆ ಊರು ಸುತ್ತಿ ಬರುವ ಆ ಪೆದ್ದು ನೀರೇ ಕಳೆದ ವರ್ಷ ಈಕೆಯ ಮಾನ ಉಳಿಸಿತು.

ಅಣ್ಣನ ಬಾವಿಯಿಂದ ಅರವತ್ತು ಮನೆಗೆ ಕುಡಿಯುವ ನೀರು ಹೋಗುತ್ತಿತ್ತು. ಹೊಲಕ್ಕೆ ಹೊಡೆದ ಕಳೆನಾಶಕ ಆ ನೀರಿನಲ್ಲಿಲ್ಲ ಎಂದು ವರದಿ ಬಂತು, ಎಲ್ಲರಿಗೂ ಖುಷಿ. ಆದರೆ ಕಳೆನಾಶಕ ಮಣ್ಣಿನಲ್ಲಿ ಒಡೆದು ಬೇರೆಯದೇ ವಸ್ತುವಾಗಿ ಕೆಳಗಿಳಿಯುತ್ತದೆ. ಅದನ್ನು ಯಾರೂ ಹುಡುಕಿರಲಿಲ್ಲ. "ಅಪ್ಪ ಮನೇಲಿಲ್ಲ ಅಂದ್ರೆ ಮಕ್ಳೂ ಇಲ್ಲ ಅಂತಾನಾ ಸಾರ್?" ಎಂದು ಪ್ರಯೋಗಾಲಯದ ಸಾಹೇಬರ ಬೆನ್ನುಹತ್ತಿ, ಆ ನೀರನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿಸಿದಳು. ಅಣುಗಳನ್ನು ಒಡೆದು ಚೂರು ಚೂರನ್ನೂ ತೂಗುವ ಯಂತ್ರವದು. ಒಂದು ಲೀಟರಿನಲ್ಲಿ ಗ್ರಾಮಿನ ಕೋಟಿಯಲ್ಲೊಂದು ಪಾಲಿದ್ದರೂ ಹಿಡಿಯುತ್ತದೆ. ಅದರ ಮುಂದೆ ಅಕ್ಕಸಾಲಿಗನ ತಕ್ಕಡಿ ಲಾರಿ ತೂಗುವ ವೇಬ್ರಿಡ್ಜು. ಪರದೆಯ ಮೇಲೆ ಏಳನೇ ನಿಮಿಷಕ್ಕೆ ಗೆರೆ ಸೂಜಿಯಂತೆ ಮೇಲೆದ್ದಿತು. ಕುಡಿಯುವ ನೀರಿಗಿರುವ ಮಿತಿಯ ಆರು ಪಟ್ಟು!

"ನಿನ್ ಬಾಟಲಿನೇ ಕೊಳಕು" ಎಂದು ಅಣ್ಣ ಹಾರಾಡಿದ. ಈಕೆ ಪೆದ್ದು ನೀರಿನ ಗೆರೆ ತೋರಿಸಿದಳು. ಅದೇ ಬಾವಿಯ ಪಕ್ಕ ತುಂಬಿದ್ದು, ಅದೇ ಪೆಟ್ಟಿಗೆಯಲ್ಲಿ ಬಂದದ್ದು. ಇಸ್ತ್ರಿ ಹಾಕಿದಷ್ಟು ಸಪಾಟು. ಕೊಳಕು ಬಾಟಲಿಯದಲ್ಲ, ಬಾವಿಯದು. ಅರವತ್ತು ಮನೆಗೆ ಬೇರೆ ಕಡೆಯಿಂದ ನೀರು ಬಂತು, ಅಣ್ಣನ ಮಾತು ನಿಂತಿತು.

"ಅವನ ಮೊಮ್ಮಗಳೂ ಅದನ್ನೇ ಕುಡೀತಿದ್ಲು. ಸುಮ್ನಿದ್ದಿದ್ರೆ ಒಳ್ಳೇ ತಂಗಿ ಅನ್ನಿಸ್ಕೋತಿದ್ದೆ. ಆ ಮಗೂಗೆ ಎಂಥಾ ಅಜ್ಜಿ ಆಗ್ತಿದ್ದೆ?" ಎನ್ನುತ್ತಾಳೆ.

ಇವತ್ತು ಅಣ್ಣನೇ ಕೈ ಚಾಚುತ್ತಾನೆ. "ಆ ಪೆದ್ದು ಬಾಟಲಿ ಇಲ್ಕೊಡು, ಹಿಡ್ಕೋತೀನಿ. ಔಷಧಿ ಹೊಡೆಯೋದು ಬಿಟ್ಟು ಕಳೆ ಕಿತ್ತು ಕಿತ್ತು ನನ್ ಸೊಂಟ ಹೋಗಿದೆ. ಸೊನ್ನೆ ಬರದೇ ಇದ್ರೆ ನೋಡು!"

ಮರುದಿನ ಮಧ್ಯಾಹ್ನ ಗೆರೆ ಮತ್ತೆ ಏಳುತ್ತದೆ, ಆದರೆ ಗಿಡ್ಡಗಾಗಿದೆ. "ನಾಲ್ಕು ಪಟ್ಟು ಅಣ್ಣ. ಇಳೀತಿದೆ, ಆದ್ರೆ ಇನ್ನೂ ಕುಡಿಯೋ ಹಾಗಿಲ್ಲ." ಫೋನಿನ ಆ ಕಡೆಯಿಂದ ಅಣ್ಣ: "ಸರಿ. ಮುಂದಿನ ತಿಂಗಳು ಬಾ. ನೀ ಬರೋ ಹೊತ್ತಿಗೆ ಪಂಪು ಹಾಕಿಟ್ಟಿರ್ತೀನಿ."

ಆಸೆ ಏನು ಎಂದು ಕೇಳಿದರೆ ಬಾಟಲಿ ಅಕ್ಕ ನಾಚುತ್ತಾಳೆ. "ಅಣ್ಣನ ಬಾವಿ ಗೆರೆ ಒಂದಿನ ಪೆದ್ದು ನೀರಿನ ಗೆರೆ ಥರ ಮಲಗ್ಬೇಕು. ಅವತ್ತು ಅಲ್ಲೇ ನಿಂತು ಒಂದು ಲೋಟ ಕುಡಿದು ಬರ್ತೀನಿ." ಒಂದು ಕ್ಷಣ ಯೋಚಿಸಿ ಸೇರಿಸುತ್ತಾಳೆ: "ಇಪ್ಪತ್ತು ನಿಮಿಷ ಪಂಪು ಓಡಿದ ಮೇಲೇ, ಮತ್ತೆ."