ಬೇರು ನೋಡುವ ಅನಸೂಯಾ

ಸಿಡ್ನಿಯ ಗಿರಾವೀನ್‌ನಲ್ಲಿ ಅನಸೂಯಾಳನ್ನು ಊಟಕ್ಕೆ ಕರೆಯುವವರು ಮೊದಲು ಮಾಡುವ ಕೆಲಸವೆಂದರೆ ಮನೆಯೊಳಗಿನ ಕುಂಡಗಳನ್ನು ಗರಾಜಿಗೆ ಸಾಗಿಸುವುದು. ಈ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ಬಂದಳೋ ಇಲ್ಲವೋ, ಕಿಟಕಿ ಹತ್ತಿರದ ಕರಿಬೇವಿನ ಕಡೆ ನಡೆದಳೆಂದೇ ಲೆಕ್ಕ. ಸೊರಗಿದ ಗಿಡ ಕಂಡರೆ ಅವಳದು ಒಂದೇ ಪ್ರಶ್ನೆ: "ಬೇರು ನೋಡೀರೇನ್ರೀ?" ನೋಡಿಲ್ಲ ಎಂದರೆ ತಾನೇ ನೋಡುತ್ತಾಳೆ. ಪಕ್ಕದ ಟೂಂಗಾಬಿಯಲ್ಲಿ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಯ ದಿನ, ಇತ್ತ ಕಥೆ ನಡೆಯುತ್ತಿದ್ದಂತೆ ಅತ್ತ ಅವರ ತುಳಸಿ ಕುಂಡವನ್ನು ಬುಡಮೇಲು ಮಾಡಿ ತಟ್ಟಿದ್ದಳು. ತುಳಸಿ ಬದುಕಿತು. ಆ ಮನೆಯಿಂದ ಮುಂದೆ ಕರೆ ಮಾತ್ರ ಬರಲಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ್ದು ಕೀಟಶಾಸ್ತ್ರ. ಮದುವೆಯಾಗಿ ಸಿಡ್ನಿಗೆ ಬಂದಮೇಲೆ ಆ ಓದನ್ನು ಕೇಳುವವರೇ ಇರಲಿಲ್ಲ. ವರ್ಷಗಟ್ಟಲೆ ಚೈಲ್ಡ್‌ಕೇರ್‌ನಲ್ಲಿ ಮಕ್ಕಳ ಮೂಗು ಒರೆಸಿದಳು. ಅಲ್ಲಿಯೂ ಮಕ್ಕಳಿಗೆ ಇರುವೆಗೂಡು ತೋರಿಸಿ ಬೈಸಿಕೊಂಡಳು. ಕಡೆಗೆ ಹಸಿರುಮನೆಗಳಿಗೆ ಹುಳದ ವಿಚಾರದಲ್ಲಿ ಸಲಹೆ ಕೊಡುವ ಸಣ್ಣ ಕಂಪನಿಯೊಂದು ಅವಳನ್ನು ತೆಗೆದುಕೊಂಡಿತು. ಮೊದಲು ಟೊಮೇಟೊ, ಆಮೇಲೆ ಸ್ಟ್ರಾಬೆರಿ, ಈಗೀಗ ಗಾಂಜಾ. ಗಾಬರಿಯಾಗಬೇಡಿ, ಲೈಸೆನ್ಸ್ ಪಡೆದು ಔಷಧಕ್ಕೆಂದೇ ಬೆಳೆಯುವ ಗಾಂಜಾ. ಅತ್ತೆ ಚನ್ನಕ್ಕನ ಮುಂದೆ ಮಾತ್ರ ಅದಕ್ಕೆ "ಔಷಧಿ ಗಿಡ" ಎಂದು ಹೆಸರು. ಅದರಲ್ಲಿ ಸುಳ್ಳೇನೂ ಇಲ್ಲವಲ್ಲ!

ಹೋದ ನವೆಂಬರ್‌ನಲ್ಲಿ ಮೆಲ್ಬರ್ನ್ ಹೊರವಲಯದ ಅಂಥ ಗಾಂಜಾ ಬೆಳೆಯುವ ಕಟ್ಟಡವೊಂದರಿಂದ ಕರೆ ಬಂತು. ಒಂದು ಕೋಣೆಯ ಗಿಡಗಳು ಬೆಳೆಯುವುದನ್ನೇ ಮರೆತಿವೆ, ಬಂದು ನೋಡಿ ಎಂದು. ಬೆಳಗಿನ ವಿಮಾನ ಹತ್ತಿ ಹೋದಳು. ಅಲ್ಲಿನ ಮ್ಯಾನೇಜರ್ ಹೆಲೆನ್ ವಿಮಾನ ನಿಲ್ದಾಣಕ್ಕೇ ಬಂದಿದ್ದಳು. ನೇರ ಮಾತಿನ ಹೆಂಗಸು. ಕಾರಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

"ಇವತ್ತು ಕಾರಣ ಸಿಗದಿದ್ದರೆ ಆ ಕೋಣೆಯ ಗಿಡ ಎಲ್ಲ ನಾಶ ಮಾಡಬೇಕು. ನೀರು, ಗೊಬ್ಬರ, ಪಂಪು ನೋಡಿಕೊಳ್ಳೋನು ವಿರುಪಾಕ್ಷ ಅಂತ. ತಪ್ಪು ಅವನದೇ ಅಂತ ಮೇಲಿನವರು ಅಂದುಕೊಂಡಿದ್ದಾರೆ. ಅವನನ್ನು ಕೆಲಸದಿಂದ ಕಳಿಸಬೇಕಾಗುತ್ತೆ."

ವಿರುಪಾಕ್ಷ ಬೈಲಹೊಂಗಲದ ಕಡೆಯವನು. ಓದಲು ಬಂದು, ಇದೇ ಕಂಪನಿಯ ಸ್ಪಾನ್ಸರ್‌ಶಿಪ್ ಮೇಲೆ ನಿಂತು, ಕಾಯಂ ನೆಲೆಸಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದ. ಕೆಲಸ ಹೋದರೆ ಪಿಆರ್ ಆಸೆಯೂ ಹೋದಂತೆ. ಅನಸೂಯಾಳ ಬಾಯಲ್ಲಿ ಧಾರವಾಡದ ಮಾತು ಕೇಳಿದ್ದೇ ಅವನ ಮುಖ ಅರಳಿತು.

"ಅಕ್ಕಾರ, ಗೊಬ್ಬರ ಹೆಚ್ಚ ಮಾಡೀನಿ, ಲೈಟ್ ಬದ್ಲಿ ಮಾಡೀನಿ. ಏನ್ ಮಾಡಿದ್ರೂ ಬೆಳೀವಲ್ವು ನೋಡ್ರಿ. ಮೂರ ವಾರಾತು ರಾತ್ರಿ ನಿದ್ದಿಲ್ಲ."

"ಬೇರು ನೋಡೀಯೇನು?" ಎಂದಳು ಅನಸೂಯಾ.

ನೋಡಿರಲಿಲ್ಲ. ಬಿಳಿ ಕೋಟು ತೊಟ್ಟು, ಬೂಟು ತೊಳೆದು ಒಳಗೆ ಹೋದರು. ಎದೆಮಟ್ಟ ಬರಬೇಕಾದ ಗಿಡಗಳು ಮೊಣಕಾಲಿನಷ್ಟೇ ಇದ್ದವು. ಎಲೆ ಹಳದಿ, ತುದಿ ಸುಟ್ಟಂತೆ. ಹಳದಿ ಕಂಡ ಕೂಡಲೇ ಗಿಡಕ್ಕೆ ಹಸಿವು ಎಂದುಕೊಂಡು ಗೊಬ್ಬರ ಸುರಿದಿದ್ದಾರೆ. ಹೊಟ್ಟೆನೋವಿನವನಿಗೆ ಹೋಳಿಗೆ ತಿನ್ನಿಸಿದಂತೆ. ನೀರಿನ ಹುಳಿಯಂಶ ಅಳೆದಳು, ಸರಿಯಾಗಿತ್ತು. ಹುಳ ಹಿಡಿಯಲು ತೂಗುಹಾಕಿದ್ದ ಹಳದಿ ಅಂಟುಹಾಳೆಗಳ ತುಂಬ ಕಪ್ಪು ನೊಣಗಳು. ತೇವದ ಮಣ್ಣಿಗೆ ಬರುವ ಮಾಮೂಲು ನೊಣ ಎಂದು ಎಲ್ಲರೂ ಸುಮ್ಮನಿದ್ದರು. ಅನಸೂಯಾ ಕೊರಳಿನ ಲೆನ್ಸ್ ಕಣ್ಣಿಗೆ ಹಿಡಿದಳು. ನೊಣದ ಬೆನ್ನಿನ ತುದಿಯಲ್ಲಿ ಎರಡು ಪುಟ್ಟ ಕೊಳವೆಗಳು! ನೊಣಕ್ಕೆಲ್ಲಿಯ ಕೊಳವೆ? ಇದು ರೆಕ್ಕೆ ಬಂದ ಗಿಡಹೇನು.

ತಡಮಾಡದೆ ಒಂದು ಕುಂಡ ಎತ್ತಿ ಮಗುಚಿ ತಟ್ಟಿದಳು. ಬೆಳ್ಳಗಿರಬೇಕಾದ ಬೇರು ಕಂದಾಗಿತ್ತು. ಅದರ ಸಂದುಸಂದಿನಲ್ಲಿ ಎಳ್ಳಿಗಿಂತ ಚಿಕ್ಕ, ಮಾಸಲು ಹಸಿರಿನ, ಹಿಂಭಾಗ ಕೆಂಪಾದ ಹುಳಗಳು ರಸ ಹೀರುತ್ತಾ ಕೂತಿದ್ದವು. ಬೇರುಹೇನು. ಹುತ್ತ ಬಡಿದರೆ ಹಾವು ಸತ್ತೀತೇ? ಇಷ್ಟು ದಿನ ಇವರೆಲ್ಲ ಎಲೆಯನ್ನೇ ನೋಡುತ್ತಿದ್ದರು.

"ಹೆಲೆನ್, ಬಾ ಬಾ, ನೋಡು ಎಷ್ಟು ಚೆಂದ ಇವೆ!" ಎಂದು ಕೂಗಿದಳು.

ಹೆಲೆನ್‌ಗೆ ಚೆಂದವೇನೂ ಕಾಣಲಿಲ್ಲ. "ಬೀಗ ಹಾಕಿದ ಕೋಣೆಗೆ ಇವು ಹೇಗೆ ಬಂದವು?" ಎಂದಷ್ಟೇ ಕೇಳಿ, ಮೇಲಿನವರಿಗೆ ಫೋನ್ ಮಾಡಲು ಹೊರಗೆ ಹೋದಳು.

ಅದೇ ಪ್ರಶ್ನೆ ಅನಸೂಯಾಳನ್ನೂ ಕಚ್ಚಿತು. ಗಿಡಗಳೆಲ್ಲ ಇಲ್ಲೇ ಕಡ್ಡಿ ನೆಟ್ಟು ಬೆಳೆಸಿದವು. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ, ಅದೂ ಹುಳ ಸಾಯುವಂತೆ ಬಿಸಿ ಮಾಡಿ ತಂದದ್ದು. ಈ ಹೇನಿಗೆ ಇಷ್ಟವಾದದ್ದು ಭತ್ತ, ಗೋಧಿ, ಹುಲ್ಲಿನ ಬೇರು. ಗಾಂಜಾ ಕೋಣೆಯಲ್ಲಿ ಹುಲ್ಲೆಲ್ಲಿಂದ ಬರಬೇಕು? ತಡೆಯಲಾಗದೆ ಮೊಣಕಾಲೂರಿ ಮೂಲೆಮೂಲೆ ಹುಡುಕಿದಳು. ನೀರಿನ ಟ್ಯಾಂಕಿನ ಹಿಂದೆ ಪಂಪಿತ್ತು. ಪಂಪಿನ ಹಣೆಯ ಮೇಲೆ ಮಾಸಿದ ಕುಂಕುಮವಿತ್ತು. ಪೈಪಿನ ಸಂದಿಯಲ್ಲಿ ಹಳದಿ ದಾರ ಸುತ್ತಿದ ಒಂದು ಹಿಡಿ ಒಣಗಿದ ಗೋಧಿ ಸಸಿ, ಬೇರು ಸಮೇತ, ಬೇರಿಗೆ ಒಂದಿಷ್ಟು ಕಪ್ಪು ಮಣ್ಣು ಸಮೇತ.

ಅನಸೂಯಾಳಿಗೆ ಅದು ಏನೆಂದು ಕೂಡಲೇ ಗೊತ್ತಾಯಿತು. ನವರಾತ್ರಿಯಲ್ಲಿ ಘಟ ಕೂಡಿಸಿ, ಮಣ್ಣಿನಲ್ಲಿ ಗೋಧಿ ಬಿತ್ತಿ, ಮೊಳೆತ ಸಸಿಯನ್ನು ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ಕೊಡಲಿ, ಕುಡುಗೋಲು, ಬೈಕುಗಳಿಗೆ ಏರಿಸುವುದು ಅವಳ ತವರಿನ ಪದ್ಧತಿಯೂ ಹೌದು. ಆ ಇಡೀ ಕಟ್ಟಡದಲ್ಲಿ ಈ ಒಣಹುಲ್ಲು ಏನೆಂದು ಓದಬಲ್ಲವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬ ಅವಳ ಬೆನ್ನಹಿಂದೆ ಬೆವರುತ್ತಾ ನಿಂತಿದ್ದ.

"ನಮ್ಮನಿಯಾಕಿ ಹಿತ್ತಲ ಮಣ್ಣು ತಂದು ಬೆಳಸಿದ್ಲ್ರೀ," ಎಂದ ವಿರುಪಾಕ್ಷ. ಹೆಂಡತಿ ಸಿಂಚನಾಳ ಬಗ್ಗೆ ಹೇಳುತ್ತಿದ್ದ. "ದಿನಾ ಅನ್ನಾ ಹಾಕೂ ಮಶೀನು. ಪೂಜಿ ಮಾಡ್ಲಿಲ್ಲಂದ್ರ ಹೆಂಗ್ರೀ? ... ಅಕ್ಕಾರ, ಅದನ್ನ ಕಿಸೇದಾಗ ಹಾಕ್ಕೊಂಡ್ರ ಯಾರಿಗೂ ತಿಳಿಯಂಗಿಲ್ಲ."

ನಿಜ. ಕಿಸೆಗೆ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಸಿ ಹಿಡಿದ ಅವಳ ಕೈ ಕೋಟಿನ ಕಿಸೆಯವರೆಗೆ ಹೋಯಿತು ಕೂಡ. ತನ್ನ ಊರ ಕಡೆಯ ಹುಡುಗ, ಮನೆಯಲ್ಲಿ ಹೆಂಡತಿ. ಆದರೆ ಹಾಳು ಕುತೂಹಲ, ಅದು ದಯೆಗಿಂತ ಒಂದು ಹೆಜ್ಜೆ ಮುಂದಿತ್ತು.

"ಇದೊಂದ ಕಡೆ ಇಟ್ಟೀಯೋ, ಬ್ಯಾರೆ ಕಡೆನೂ ಇಟ್ಟೀಯೋ?"

"ಎಲ್ಲಾ ರೂಮಿಗೂ ಇಟ್ಟೀನ್ರೀ ಅಕ್ಕಾರ. ಒಂದ ಪಂಪಿಗೆ ಇಟ್ಟು ಇನ್ನೊಂದಕ್ಕ ಬಿಟ್ರ ಅದು ಬ್ಯಾಸರಾ ಮಾಡ್ಕೊಳ್ಳಂಗಿಲ್ಲೇನು?"

ಅನಸೂಯಾ ನಕ್ಕುಬಿಟ್ಟಳು, ಮರುಕ್ಷಣವೇ ನಗು ನಿಂತಿತು. "ತಮ್ಮಾ, ಹಂಗಂದ್ರ ಎಲ್ಲಾ ರೂಮಿನ ಬೇರಿಗೂ ಹತ್ತಿರತಾವು. ಮ್ಯಾಲೆ ಇನ್ನೂ ಕಾಣವಲ್ವು ಅಷ್ಟ. ನಾ ಈಗ ಬಾಯಿ ಮುಚ್ಚಿಕೊಂಡ್ರ ಇವತ್ತ ಒಂದ ರೂಮು, ಸಂಕ್ರಾಂತಿ ಅನ್ನೂದ್ರಾಗ ಪೂರ್ತಿ ಬಿಲ್ಡಿಂಗು. ನಾನ ಹೇಳಲೋ, ನೀನ ಹೇಳ್ತೀಯೋ?"

ವಿರುಪಾಕ್ಷ ಸಸಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಗೆ ನಡೆದ.

ಹೆಲೆನ್ ಎಲ್ಲ ಕೇಳಿ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. ಮುಖ ಕೆಂಪಾಗಿತ್ತು. "ಇವನು ಹೇಳದೇ ಹೋಗಿದ್ದರೆ?" ಎಂದು ಅನಸೂಯಾಳನ್ನು ಕೇಳಿದಳು.

"ನಾನು ಇದೊಂದೇ ಕೋಣೆಗೆ ಮದ್ದು ಹೇಳಿ ಮನೆಗೆ ಹೋಗುತ್ತಿದ್ದೆ. ಮಿಕ್ಕವೂ ನಿನ್ನ ಕೈತಪ್ಪುತ್ತಿದ್ದವು."

ಹೆಲೆನ್ ಎದ್ದು, ಕಾರಿಡಾರಿನ ತುದಿಯವರೆಗೆ ಹೋಗಿ ಮರಳಿ ಬಂದಳು. "ಎಲ್ಲ ಪೈಪುಗಳ ಗುಟ್ಟು ಗೊತ್ತಿರೋನು ಇವನೊಬ್ಬನೇ. ಮದ್ದು ಹಾಕಿ ಮುಗಿಸಲಿ. ಲಿಖಿತ ಎಚ್ಚರಿಕೆ ಕೊಡ್ತೀನಿ. ಮೇಲಿನವರ ಹತ್ತಿರ ನಾನೇ ಮಾತಾಡ್ತೀನಿ."

ರೋಗಿಗಳ ಹೊಟ್ಟೆಗೆ ಹೋಗುವ ಗಿಡ, ಕಂಡ ಕಂಡ ವಿಷ ಹಾಕುವ ಹಾಗಿಲ್ಲ. ಸೊರಗಿದ ಕೋಣೆಯ ಗಿಡಗಳ ಮೇಲ್ತುದಿಗಳನ್ನಷ್ಟೇ ಕತ್ತರಿಸಿ ತೊಳೆದು ಬೇರೆಡೆ ನೆಟ್ಟು, ಉಳಿದದ್ದನ್ನು ನಾಶ ಮಾಡಿದರು. ಟ್ಯಾಂಕು, ಪೈಪು ತಿಕ್ಕಿ ತೊಳೆದರು. ಮಿಕ್ಕ ಕೋಣೆಗಳ ಬೇರಿಗೆ ಹೇನನ್ನು ಕೊಲ್ಲುವ ಶಿಲೀಂಧ್ರ ಬೆರೆಸಿದ ನೀರು ಕೊಟ್ಟು, ಹೇನು ತಿನ್ನುವ ನುಸಿಗಳನ್ನು ಬುಡಕ್ಕೆ ಬಿಟ್ಟರು. ಫೆಬ್ರವರಿಯಲ್ಲಿ ಅಲ್ಲಿನ ಬೇಸಿಗೆ ಮುಗಿಯುವಷ್ಟರಲ್ಲಿ ಬಿಳಿ ಬೇರು ಕಾಣಿಸಿಕೊಂಡಿತು. ವಿರುಪಾಕ್ಷ ವಾರವಾರ ಅದರ ಫೋಟೊ ಕಳಿಸುತ್ತಿದ್ದ. ಅನಸೂಯಾ ಅವನ್ನು ಮೊಮ್ಮಕ್ಕಳ ಫೋಟೊ ಎಂಬಂತೆ ಚನ್ನಕ್ಕನಿಗೆ ತೋರಿಸುತ್ತಿದ್ದಳು.

ಈ ಸಲದ ದಸರೆಗೆ ಅವಳು ತಪಾಸಣೆಗೆಂದು ಮತ್ತೆ ಅಲ್ಲಿಗೆ ಹೋದಾಗ ಗೇಟಿನ ಹೊರಗೆ ಮೇಜು ಹಾಕಿತ್ತು. ಮೇಜಿನ ಮೇಲೆ ಕೆಟ್ಟುಹೋದ ಪಂಪೊಂದು, ಸ್ಪ್ಯಾನರು, ಕತ್ತರಿಗಳು ಕುಂಕುಮ ಇಟ್ಟುಕೊಂಡು ಕೂತಿದ್ದವು. ಹೆಲೆನ್ ಕಿವಿಯ ಹಿಂದೆ ಗೋಧಿ ಸಸಿ ಸಿಕ್ಕಿಸಿಕೊಂಡಿದ್ದಳು. ಕೆಲಸ ಉಳಿಸಿಕೊಂಡ ವಿರುಪಾಕ್ಷ ಅನಸೂಯಾಳಿಗೂ ಒಂದಿಷ್ಟು ಸಸಿ ಕೊಟ್ಟು ಕಾಲಿಗೆ ಬಿದ್ದ. ಅವಳು ಹರಸುವುದನ್ನೂ ಮರೆತು ಲೆನ್ಸ್ ತೆಗೆದು ಸಸಿಯ ಬುಡ ತಿರುಗಿಸಿದಳು.

ಬೇರು ಇರಲೇ ಇಲ್ಲ.

"ಕತ್ತರಿಸೇ ತಂದೀನ್ರೀ ಅಕ್ಕಾರ," ಎಂದ.

"ಛಲೋ ಮಾಡೀ," ಎಂದಳು. ಮುಖ ಮಾತ್ರ ಸಪ್ಪಗಾಗಿತ್ತು.

ವಿರುಪಾಕ್ಷ ನಗುತ್ತಾ ತನ್ನ ಕಾರಿನ ಬಳಿ ಹೋಗಿ, ಮುಚ್ಚಳ ಬಿಗಿದ ಗಾಜಿನ ಬಾಟಲಿಯೊಂದನ್ನು ತಂದು ಅವಳ ಕೈಯಲ್ಲಿಟ್ಟ. ಒಳಗೆ ಆ ಸಸಿಗಳ ಬೇರು, ಹಿತ್ತಲ ಮಣ್ಣಿನ ಸಮೇತ.

"ನೀವು ಕೇಳ್ತೀರಿ ಅಂತ ಗೊತ್ತಿತ್ತ್ರೀ," ಎಂದ. "ನೋಡ್ರಿ, ಹೇನು ಅದಾವೇನು?"